ಅಂಕಪಟ್ಟಿಯಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು

ಪ್ರಶ್ನೆ: ನಾನು 31 ವರ್ಷದ ಟ್ರಾನ್ಸ್ ಪುರುಷ; ಹುಟ್ಟಿದಾಗ ನನ್ನನ್ನು ಹೆಣ್ಣೆಂದು ದಾಖಲಿಸಿದ್ದರು. ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷ ದುಡಿದೆ. ಕಳೆದ ವರ್ಷ ಕಾನೂನುಬದ್ಧವಾಗಿ ಹೆಸರು ಬದಲಾಯಿಸಿಕೊಂಡು, ಹಾರ್ಮೋನ್ ಚಿಕಿತ್ಸೆ ಆರಂಭಿಸಿ, ಕಚೇರಿಯಲ್ಲೂ ವಿಷಯ ತಿಳಿಸಿದೆ. ಎದುರಿಗೆ ಯಾರೂ ಏನೂ ಅನ್ನಲಿಲ್ಲ. ಕೆಲವು ತಿಂಗಳ ನಂತರ ವಿಭಾಗದ ಪುನರ್‌ರಚನೆ ಎಂದು ಹೇಳಿ ಮೂವರನ್ನು ಕೆಲಸದಿಂದ ತೆಗೆದರು. ಅವರಲ್ಲಿ ನಾನೂ ಒಬ್ಬ. ಗುರುತಿನ ಚೀಟಿಯಲ್ಲಿ ಹೊಸ ಹೆಸರಿದೆ, ಅಂಕಪಟ್ಟಿ ಮತ್ತು ಅನುಭವ ಪತ್ರದಲ್ಲಿ ಹಳೆಯದೇ ಉಳಿದಿದೆ. ಓದಿದ್ದು ಮಹಿಳಾ ಕಾಲೇಜಿನಲ್ಲಿ. ಸಂದರ್ಶನದಲ್ಲಿ ಎಲ್ಲವನ್ನೂ ಮೊದಲೇ ಹೇಳಿಬಿಡಲೇ, ಮುಚ್ಚಿಡಲೇ, ಇಲ್ಲವೇ ಹೊಟ್ಟೆಪಾಡಿಗಾಗಿ ಹಳೆಯ ಹೆಸರಿನಲ್ಲೇ ಅರ್ಜಿ ಹಾಕಲೇ? ರಾತ್ರಿ ನಿದ್ದೆ ಹತ್ತುವುದಿಲ್ಲ. ಚಿಕಿತ್ಸೆಯ ಖರ್ಚಿನ ಚಿಂತೆ ಬೇರೆ.
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ನೀವು ಕೇಳದೆಯೇ ಬಿಟ್ಟ ಪ್ರಶ್ನೆಯೊಂದಿದೆ: ನನ್ನನ್ನು ತೆಗೆದದ್ದು ನಿಜವಾಗಿಯೂ ಪುನರ್‌ರಚನೆಗಾಗಿಯೋ, ಅಥವಾ ನಾನು ಯಾರೆಂದು ಹೇಳಿಕೊಂಡದ್ದಕ್ಕೋ? ನಿದ್ದೆ ಕೆಡಿಸುತ್ತಿರುವುದರಲ್ಲಿ ಇದರ ಪಾಲೂ ಇರಬಹುದು. ಇದಕ್ಕೆ ಯೋಚನೆಯಿಂದ ಉತ್ತರ ಸಿಗುವುದಿಲ್ಲ, ದಾಖಲೆಯಿಂದ ಸಿಕ್ಕರೆ ಸಿಗಬಹುದು. ವಿಷಯ ತಿಳಿಸಿದ ದಿನ, ಅದಕ್ಕೆ ಮೊದಲು ಮತ್ತು ನಂತರ ಬಂದ ಕೆಲಸದ ಮೌಲ್ಯಮಾಪನ, ನಿಮ್ಮ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ, ಯಾರು ಯಾವ ಮಾತು ಆಡಿದರು ಎಂಬುದನ್ನೆಲ್ಲ ನೆನಪು ಹಸಿಯಾಗಿರುವಾಗಲೇ ಬರೆದಿಡಿ. ರಾಜೀನಾಮೆ ಪತ್ರಕ್ಕೋ, ಇನ್ನು ಯಾವ ಬಾಕಿಯೂ ಇಲ್ಲವೆಂಬ ಕಾಗದಕ್ಕೋ ಸಹಿ ಕೇಳಿದರೆ, ವಕೀಲರೊಬ್ಬರು ಓದುವವರೆಗೆ ಸಹಿ ಹಾಕಬೇಡಿ.

2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಸಮಾನತೆಯ ಹಕ್ಕನ್ನು ಎತ್ತಿಹಿಡಿಯಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 3 ಮತ್ತು 9ನೇ ಕಲಂಗಳು ನೇಮಕಾತಿ, ಬಡ್ತಿ ಮತ್ತು ಕೆಲಸದಿಂದ ತೆಗೆಯುವುದರಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತವೆ. 11ನೇ ಕಲಂ ಪ್ರಕಾರ ಪ್ರತಿಯೊಂದು ಸಂಸ್ಥೆಯಲ್ಲಿಯೂ ಇಂತಹ ದೂರುಗಳಿಗೆ ಒಬ್ಬ ಅಧಿಕಾರಿ ಇರಬೇಕು. ಆದರೆ ಈ ಕಾಯ್ದೆಯ ಶಿಕ್ಷೆಯ ಪಟ್ಟಿಯಲ್ಲಿ ಕೆಲಸದಿಂದ ತೆಗೆದದ್ದಕ್ಕೆ ನೇರವಾದ ಶಿಕ್ಷೆ ಇಲ್ಲ. ಅದು ಕಾಯ್ದೆಯ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಶಾಲೆಯ ಕೆಲಸ ಕಳೆದುಕೊಂಡ ಟ್ರಾನ್ಸ್ ಶಿಕ್ಷಕಿಯೊಬ್ಬರಿಗೆ ಪರಿಹಾರ ನೀಡುವಂತೆ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಮೊಕದ್ದಮೆಗೆ ವರ್ಷಗಳು ಹಿಡಿಯಬಹುದು, ಮನೆ ನಡೆಯಬೇಕಾದದ್ದು ಈ ತಿಂಗಳು. ಆದ್ದರಿಂದ ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿಗೆ ಕರೆಮಾಡಿ ಸಲಹೆ ಪಡೆಯಿರಿ. ಕೆಲಸದ ಹುಡುಕಾಟವನ್ನು ಮಾತ್ರ ಅದಕ್ಕಾಗಿ ನಿಲ್ಲಿಸಬೇಡಿ.

ಇನ್ನು ಹೇಳಬೇಕೋ ಮುಚ್ಚಿಡಬೇಕೋ ಎಂಬ ಪ್ರಶ್ನೆ. ಕೆಲಸ ಕೊಡುವವರಿಗೆ ನಿಮ್ಮ ದಾಖಲೆಗಳನ್ನು ನೋಡುವ ಅಧಿಕಾರವಿದೆ, ನಿಮ್ಮ ಬದುಕಿನ ಕಥೆಯನ್ನು ಕೇಳುವ ಅಧಿಕಾರವಿಲ್ಲ. ಅರ್ಜಿಯಲ್ಲಿ ಈಗಿನ ಹೆಸರನ್ನಷ್ಟೇ ಬರೆಯಿರಿ. ವಿದ್ಯಾಭ್ಯಾಸದ ಸಾಲಿನಲ್ಲಿ ಪದವಿ, ವಿಶ್ವವಿದ್ಯಾಲಯ, ವರ್ಷ ಇದ್ದರೆ ಸಾಕು. ಕಾಲೇಜಿನ ಹೆಸರನ್ನು ನಿರ್ದಿಷ್ಟವಾಗಿ ಕೇಳದ ಕಡೆ ಅದನ್ನು ಬಿಡುವುದು ಸುಳ್ಳಾಗುವುದಿಲ್ಲ. ಮೊದಲ ಸುತ್ತಿನ ಸಂದರ್ಶನದಲ್ಲಿ ಈ ವಿಷಯವನ್ನು ನೀವಾಗಿ ಎತ್ತಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಎತ್ತಿದರೆ, ಇದ್ದ ಅರ್ಧ ಗಂಟೆಯೂ ನಿಮ್ಮ ಲೆಕ್ಕಪತ್ರದ ಅನುಭವವನ್ನು ಬಿಟ್ಟು ಉಳಿದದ್ದರ ಮೇಲೆಯೇ ಕಳೆದುಹೋಗಬಹುದು.

ಆದರೆ ಕೆಲಸ ಖಚಿತವೆಂದು ತಿಳಿದ ಮೇಲೆ, ದಾಖಲೆ ಪರಿಶೀಲನೆಗೆ ಮುನ್ನ, ಮಾನವ ಸಂಪನ್ಮೂಲ ವಿಭಾಗಕ್ಕೆ ನೀವೇ ತಿಳಿಸುವುದು ಒಳಿತು. ಇಲ್ಲವಾದರೆ ಪರಿಶೀಲನೆ ಮಾಡುವವರು ಹೊಸ ಹೆಸರನ್ನು ಹಿಡಿದು ಹಳೆಯ ಕಂಪನಿಯಲ್ಲಿ ವಿಚಾರಿಸುತ್ತಾರೆ, ಅಲ್ಲಿಂದ "ಈ ಹೆಸರಿನವರು ಇಲ್ಲಿ ಇರಲಿಲ್ಲ" ಎಂಬ ಉತ್ತರ ಬರುತ್ತದೆ, ಕೈಗೆ ಬಂದ ಕೆಲಸ ಅನುಮಾನದಲ್ಲಿ ನಿಲ್ಲುತ್ತದೆ. ಅದಕ್ಕಾಗಿ ಎರಡು ಮೂರು ವಾಕ್ಯಗಳ ಇಮೇಲ್ ಸಾಕು: "ನನ್ನ ಹಳೆಯ ದಾಖಲೆಗಳು ಬೇರೆ ಹೆಸರಿನಲ್ಲಿವೆ. ಹೆಸರನ್ನು ಕಾನೂನುಬದ್ಧವಾಗಿ ಬದಲಾಯಿಸಿಕೊಂಡಿದ್ದೇನೆ, ಅದರ ಪ್ರತಿ ಲಗತ್ತಿಸಿದೆ. ಪರಿಶೀಲನೆಯನ್ನು ಎರಡೂ ಹೆಸರಿನಲ್ಲಿ ನಡೆಸಿ, ಹಳೆಯ ಹೆಸರನ್ನು ಗೋಪ್ಯವಾಗಿಡಬೇಕೆಂದು ಕೋರುತ್ತೇನೆ." ಕಾರಣವನ್ನು ಬರೆಯಬೇಡಿ. ದೇಹದ ಬಗ್ಗೆಯೋ ಚಿಕಿತ್ಸೆಯ ಬಗ್ಗೆಯೋ ಯಾರಾದರೂ ಕೇಳಿದರೆ, "ಅದು ಖಾಸಗಿ ವಿಷಯ, ಕೆಲಸದ ಬಗ್ಗೆ ಏನು ಬೇಕಾದರೂ ಕೇಳಿ" ಎಂದು ಸಮಾಧಾನವಾಗಿ ಹೇಳಿ ನಿಲ್ಲಿಸಿ.

ಅನುಭವ ಪತ್ರವನ್ನು ಹೊಸ ಹೆಸರಿನಲ್ಲಿ ಮತ್ತೆ ಕೊಡುವಂತೆ ಹಳೆಯ ಕಂಪನಿಗೆ ಈಗಲೇ ಲಿಖಿತವಾಗಿ ಕೇಳಿ. ಬಿಟ್ಟು ಬಂದು ವರ್ಷ ಕಳೆದರೆ ನಿಮ್ಮ ಕಡತ ಯಾರ ಕೈಯಲ್ಲಿದೆ ಎಂಬುದೇ ತಿಳಿಯದಂತಾಗುತ್ತದೆ. ಭವಿಷ್ಯ ನಿಧಿ ಖಾತೆಯ ಹೆಸರನ್ನೂ ಕೂಡಲೇ ಸರಿಪಡಿಸಿಕೊಳ್ಳಿ, ಇಲ್ಲವಾದರೆ ಹಣ ಬೇಕಾದ ದಿನವೇ ಅರ್ಜಿ ತಿರಸ್ಕೃತವಾಗಿ ಬಂದೀತು. ನಿಮ್ಮ ಬಗ್ಗೆ ಶಿಫಾರಸು ಮಾಡಬಲ್ಲ ಹಿಂದಿನ ಮೇಲಧಿಕಾರಿ ಇದ್ದರೆ, ಅವರಿಗೆ ಮೊದಲೇ ಫೋನ್ ಮಾಡಿ ಯಾವ ಹೆಸರನ್ನು ಬಳಸಬೇಕೆಂದು ಹೇಳಿಡಿ. ಅಭ್ಯಾಸಬಲದಿಂದ ಆಡಿದ ಒಂದು ಮಾತು ಸಾಕು, ನೀವು ಕಾಪಾಡಿಕೊಂಡ ಗುಟ್ಟು ಹೊರಬೀಳಲು.

ಹಳೆಯ ಹೆಸರಿನಲ್ಲೇ ಅರ್ಜಿ ಹಾಕುವ ಯೋಚನೆಯನ್ನು ತಪ್ಪೆಂದು ನಾನು ಹೇಳಲಾರೆ. ಬಾಡಿಗೆ ಕಟ್ಟಬೇಕಾದವರಿಗೆ ಉಪದೇಶ ಮಾಡುವುದು ಸುಲಭ. ಆದರೂ ನಿಮ್ಮ ಸ್ಥಿತಿಯಲ್ಲಿ ಇದು ಕೆಲಸವನ್ನು ಸುಲಭಗೊಳಿಸುವುದಿಲ್ಲ. ಗುರುತಿನ ಚೀಟಿ ಈಗಾಗಲೇ ಹೊಸ ಹೆಸರಿನಲ್ಲಿದೆ. ದನಿ, ಮುಖ ಬದಲಾಗುತ್ತಿವೆ. ಹಳೆಯ ಹೆಸರಿನ ಹೊಸ ನೇಮಕಾತಿ ಪತ್ರವೆಂದರೆ ಮುಂದೆ ತಿದ್ದಿಸಬೇಕಾದ ಮತ್ತೊಂದು ದಾಖಲೆ. ಅದರ ಬದಲು ಮನೆಯಿಂದಲೇ ಮಾಡಬಹುದಾದ, ಅಲ್ಪಾವಧಿಯ ಲೆಕ್ಕಪತ್ರದ ಕೆಲಸಗಳನ್ನು ಈಗಿನ ಹೆಸರಿನಲ್ಲಿ ಹಿಡಿಯಿರಿ. ಸಂಬಳ ಕಡಿಮೆಯಾದರೂ ಹೊಸ ಹೆಸರಿನ ಮೊದಲ ಅನುಭವ ಪತ್ರ ಅದರಿಂದಲೇ ಹುಟ್ಟುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿಕೊಟ್ಟಂತೆ, ಪರಿಚಯದ ಮೂಲಕ ಕೆಲಸ ಹಿಡಿದವರಲ್ಲಿ ಹೆಚ್ಚಿನವರಿಗೆ ಸುಳಿವು ಸಿಕ್ಕಿದ್ದು ಆಪ್ತ ಗೆಳೆಯರಿಂದಲ್ಲ, ಆಗೊಮ್ಮೆ ಈಗೊಮ್ಮೆ ಭೇಟಿಯಾಗುವ ಪರಿಚಿತರಿಂದ. ಲಿಂಗ ಪರಿವರ್ತನೆಯ ಹಾದಿ ಹಿಡಿದವರು ಕಳೆದುಕೊಳ್ಳುವುದೂ ಬಹುಪಾಲು ಇಂಥವರನ್ನೇ. ಆಪ್ತರು ಹೇಗೋ ಉಳಿಯುತ್ತಾರೆ; ಹಳೆಯ ಸಹೋದ್ಯೋಗಿ, ತರಬೇತಿಯಲ್ಲಿ ಜೊತೆಗಿದ್ದವರು, ಲೆಕ್ಕ ಪರಿಶೋಧನೆಗೆ ಬರುತ್ತಿದ್ದವರು ಇವರಿಗೆಲ್ಲ ಏನೆಂದು ವಿವರಿಸುವುದು ಎಂಬ ಸಂಕೋಚದಿಂದ ಮಾತೇ ನಿಂತುಹೋಗುತ್ತದೆ. ವಾರಕ್ಕೆ ಇಬ್ಬರನ್ನು ಆರಿಸಿಕೊಂಡು ಬರೆಯಿರಿ: ಈಗಿನ ಹೆಸರು ಇದು, ಇಂಥ ಕೆಲಸ ಹುಡುಕುತ್ತಿದ್ದೇನೆ. ಕೆಲವರು ಉತ್ತರಿಸುವುದಿಲ್ಲ. ಉತ್ತರಿಸಿದವರು ಕಂಪನಿಯ ವಾತಾವರಣ ಹೇಗಿದೆ ಎಂಬ, ಯಾವ ಜಾಹೀರಾತೂ ಹೇಳದ ಮಾತನ್ನೂ ಹೇಳುತ್ತಾರೆ.

ನಿದ್ದೆ ಕೆಡಿಸುವ ಚಿಂತೆಯ ವಿಷಯಕ್ಕೆ ಬಂದರೆ, ಅದನ್ನು ಬರೆದು ನೋಡಿ: ಕೆಲಸ ಕಳೆದುಕೊಂಡ ವೃತ್ತಿಪರರ ಮೇಲೆ 1994ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಐದು ದಿನ ದಿನಕ್ಕೆ ಇಪ್ಪತ್ತು ನಿಮಿಷ ತಮ್ಮ ನೋವು, ಸಿಟ್ಟುಗಳನ್ನು ಮರೆಮಾಚದೆ ಬರೆದವರು ಉಳಿದವರಿಗಿಂತ ಬೇಗ ಕೆಲಸ ಪಡೆದಿದ್ದರು. ಯಾರಿಗೂ ತೋರಿಸಬೇಕಾಗಿಲ್ಲ, ಬರೆದು ಹರಿದುಹಾಕಬಹುದು. ಬದುಕುವುದೇ ಬೇಡ ಎನ್ನಿಸುವ ಮಟ್ಟಕ್ಕೆ ಮನಸ್ಸು ಕುಸಿದರೆ ಮಾತ್ರ ಬರವಣಿಗೆಗೆ ಕಾಯಬೇಡಿ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಿ.

ಚಿಕಿತ್ಸೆಯ ಖರ್ಚು ಉಳಿಸಲೆಂದು ಹಾರ್ಮೋನ್ ಚುಚ್ಚುಮದ್ದಿನ ನಡುವಿನ ಅಂತರವನ್ನು ನೀವಾಗಿಯೇ ಹೆಚ್ಚಿಸಬೇಡಿ. ಅಂಡಾಶಯ ತೆಗೆಸಿಕೊಂಡವರು ಹಾರ್ಮೋನ್ ನಿಲ್ಲಿಸಿದರೆ ಮೂಳೆ ಸವೆಯುತ್ತದೆ; ತೆಗೆಸದವರಲ್ಲಿ ಮುಟ್ಟು ಮರಳಬಹುದು, ಅದು ಈಗಿನ ಮನಃಸ್ಥಿತಿಗೆ ಇನ್ನೊಂದು ಪೆಟ್ಟು. ಕೆಲಸ ಹೋಗಿದೆ ಎಂಬುದನ್ನು ವೈದ್ಯರಿಗೆ ನೇರವಾಗಿ ಹೇಳಿ, ಕಡಿಮೆ ಖರ್ಚಿನ ಔಷಧ ಇದೆಯೇ, ಯಾವ ರಕ್ತಪರೀಕ್ಷೆಯನ್ನು ಮುಂದೂಡಬಹುದು ಎಂದು ಕೇಳಿ. ಕಂಪನಿಯ ಆರೋಗ್ಯ ವಿಮೆ ಯಾವ ದಿನಕ್ಕೆ ಮುಗಿಯುತ್ತದೆ, ಅದನ್ನು ವೈಯಕ್ತಿಕ ಪಾಲಿಸಿಯಾಗಿ ಮುಂದುವರಿಸಲು ಸಾಧ್ಯವೇ ಎಂಬುದನ್ನೂ ಇದೇ ವಾರ ವಿಚಾರಿಸಿಕೊಳ್ಳಿ.