ಪಿಕಪ್‌ನ ರೂಫ್ ಲೈಟಿನಿಂದ ನೀರು ಸೋರುತ್ತಿದೆ, ಸಿಲಿಕೋನ್ ಹಚ್ಚಿದರೂ ನಿಲ್ಲುತ್ತಿಲ್ಲ. ಏನು ಮಾಡಲಿ?

ಮೊದಲು ಆ ಸಿಲಿಕೋನ್ ಟ್ಯೂಬನ್ನು ಪಕ್ಕಕ್ಕಿಡಿ.

ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಕಥೆ ಓದಿದ ಹಾಗಾಯಿತು. ಮಳೆ ಬಂದ ಮಾರನೇ ದಿನ ಹಿಂದಿನ ಸೀಟು ಒದ್ದೆ, ಬಾಗಿಲು ತೆಗೆದರೆ ಮುಗ್ಗಲು ವಾಸನೆ, ರೂಫಿನ ಒಳಬಟ್ಟೆಯ ಮೇಲೆ ಕಂದು ಕಲೆ. ಕ್ಯಾಬಿನ್ ನೆತ್ತಿಯ ಮೇಲೆ 5 ಮಾರ್ಕರ್ ಲೈಟು (ಗಾಡಿ ದೂರಕ್ಕೆ ಕಾಣಲಿ ಅಂತ ಇರುವ ಸಣ್ಣ ದೀಪಗಳು), ಹಿಂದಿನ ಗಾಜಿನ ಮೇಲ್ಗಡೆ ಒಂದು ಬ್ರೇಕ್ ಲೈಟು. ಯಾವುದು ಸೋರುತ್ತಿದೆ ಅಂತ ತಿಳಿಯದೆ ಎಲ್ಲದರ ಸುತ್ತಲೂ ಸಿಲಿಕೋನ್ ಬಳಿದಿದ್ದೀರಿ, ಮುಂದಿನ ಮಳೆಗೆ ಮತ್ತೆ ಅದೇ ಪಾಡು. ನಾನೂ ಇದನ್ನೇ ಮಾಡಿದ್ದೆ. ಅದೂ 2 ಸಲ.

ನನ್ನ ಗಾಡಿಯಲ್ಲಿ ಏನಾಗುತ್ತಿತ್ತು ಅಂದರೆ, ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಸನ್‌ವೈಸರ್ ಪಕ್ಕದಿಂದ ಟಪ್ ಅಂತ ಒಂದು ಹನಿ ತೊಡೆಯ ಮೇಲೆ ಬೀಳುತ್ತಿತ್ತು. ನೇರ ಮೇಲೆ ಮಾರ್ಕರ್ ಲೈಟು. ಇದೇ ಕಳ್ಳ ಅಂದುಕೊಂಡು ಅದಕ್ಕೆ ಸಿಲಿಕೋನ್ ಮೆತ್ತಿದೆ. ನಿಲ್ಲಲಿಲ್ಲ. ಕೊನೆಗೆ ನೋಡಿದರೆ ನೀರು ಒಳಗೆ ಬರುತ್ತಿದ್ದದ್ದು ಹಿಂದಿನ ಬ್ರೇಕ್ ಲೈಟಿನಿಂದ. ಆ ನೀರು ತಗಡಿಗೂ ಒಳಬಟ್ಟೆಗೂ ನಡುವೆ ಸದ್ದಿಲ್ಲದೆ ನಿಂತಿರುತ್ತಿತ್ತು. ಬ್ರೇಕ್ ಒತ್ತಿದ ಕೂಡಲೇ ಮುಂದಕ್ಕೆ ಹರಿದು ಮುಂದಿನ ಅಂಚಿನಲ್ಲಿ ತೊಟ್ಟಿಕ್ಕುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಿತ್ತು ನನ್ನ ರಿಪೇರಿ.

ಹಾಗಾಗಿ ಹನಿ ಬೀಳುವ ಜಾಗ ನೋಡಿ ತೀರ್ಮಾನಕ್ಕೆ ಬರಬೇಡಿ. ಗಾಡಿ ಯಾವ ಕಡೆಗೆ ಓರೆಯಾಗಿ ನಿಂತಿದೆಯೋ ನೀರು ಆ ಕಡೆಗೆ ಹೋಗುತ್ತದೆ, ಅಷ್ಟೇ.

ತೂತು ಹುಡುಕುವುದಕ್ಕೆ ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಪೈಪ್ ಹಿಡಿದು ಹೊರಗೆ. ಹಿಂದಿನ ಸೀಟಿನ ಬೆನ್ನು ಮಡಚಿ, ಬ್ರೇಕ್ ಲೈಟಿನ ಹತ್ತಿರ ಒಳಬಟ್ಟೆಯ ಹಿಂದಿನ ಅಂಚನ್ನು ಕ್ಲಿಪ್ ಬಿಚ್ಚಿ 2 ಬೆರಳಷ್ಟು ಕೆಳಗೆ ಎಳೆದರೆ ಸಾಕು, ಒಳಗಿನ ತಗಡು ಕಾಣುತ್ತದೆ. ಜೋರಾಗಿ ಎಳೆಯಬೇಡಿ, ಬಟ್ಟೆಯ ಹಿಂದಿರುವ ಹಲಗೆ ಒಮ್ಮೆ ಮುರಿದು ಗೆರೆ ಬಿದ್ದರೆ ಅದು ಹೋಗುವುದಿಲ್ಲ. ಇನ್ನೊಂದು ವಿಷಯ, ಇದನ್ನು ಹಗುರವಾಗಿ ತಗೋಬೇಡಿ: ಈಚಿನ ಗಾಡಿಗಳಲ್ಲಿ ಬಾಗಿಲಿನ ಮೇಲ್ಗಡೆ ರೂಫಿನ ಅಂಚಿನುದ್ದಕ್ಕೂ ಕರ್ಟನ್ ಏರ್‌ಬ್ಯಾಗ್, ಅಂದರೆ ಅಪಘಾತವಾದಾಗ ಕಿಟಕಿಯ ಕಡೆ ಪರದೆಯ ಹಾಗೆ ಉಬ್ಬುವ ಗಾಳಿಚೀಲ, ಇರುತ್ತದೆ. ಆ ಕಡೆ ಸ್ಕ್ರೂಡ್ರೈವರ್ ತೂರಿಸಿ ಮೀಟುವ ಕೆಲಸ ಬೇಡವೇ ಬೇಡ. ಒಳಬಟ್ಟೆ ಪೂರ್ತಿ ಇಳಿಸಬೇಕು ಅನ್ನಿಸಿದರೆ ತಿಳಿದವರ ಕೈಗೆ ಕೊಡಿ.

ಈಗ ನೀರು. ಪೈಪಿನ ಬಾಯಿ ಒತ್ತಿ ರಭಸವಾಗಿ ಬಿಡಬೇಡಿ, ಸುಮ್ನೆ ಹರಿಯುವಷ್ಟು ಬಿಡಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೊದಲು ಹಿಂದಿನ ಗಾಜಿನ ಕೆಳಗಿನ ಅಂಚು, ಆಮೇಲೆ ಗಾಜಿನ ಪಕ್ಕ, ಆಮೇಲೆ ಬ್ರೇಕ್ ಲೈಟು, ಕೊನೆಗೆ ನೆತ್ತಿಯ ಲೈಟುಗಳು. ಮೊದಲೇ ನೆತ್ತಿಗೆ ಸುರಿದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಯಾವುದು ಎಲ್ಲಿಂದ ಬಂತು ಅಂತ ಗೊತ್ತಾಗುವುದೇ ಇಲ್ಲ. ಒಂದೊಂದು ಜಾಗಕ್ಕೂ 4-5 ನಿಮಿಷ ಕೊಡಿ. ಇಲ್ಲೇ ಎಲ್ಲರೂ ತಾಳ್ಮೆ ಕಳೆದುಕೊಳ್ಳುವುದು. ಕೂದಲೆಳೆಯಷ್ಟು ಸಂದಿಯಿಂದ ನೀರು ಒಳಗೆ ಬರಲು ಹೊತ್ತು ಹಿಡಿಯುತ್ತದೆ.

ಪೈಪಿನಿಂದ ಗೊತ್ತಾಗದಿದ್ದರೆ ಇನ್ನೊಂದು ಉಪಾಯ ಇದೆ, ನನಗೆ ಇದೇ ಜಾಸ್ತಿ ಇಷ್ಟ. ಕಿಟಕಿ, ಬಾಗಿಲು ಎಲ್ಲ ಮುಚ್ಚಿ. ಬ್ಲೋವರನ್ನು ಹೊರಗಿನ ಗಾಳಿ ಎಳೆಯುವ ಕಡೆಗೆ ತಿರುಗಿಸಿ ಪೂರ್ತಿ ಜೋರಾಗಿ ಇಡಿ. ಕ್ಯಾಬಿನ್ ಒಳಗೆ ಸ್ವಲ್ಪ ಒತ್ತಡ ತುಂಬಿಕೊಳ್ಳುತ್ತದೆ. ಹೊರಗಿನಿಂದ ಲೈಟಿನ ಸುತ್ತ ಸೋಪಿನ ನೀರು ಸ್ಪ್ರೇ ಮಾಡಿ. ಸಂದಿ ಇದ್ದಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಪಂಕ್ಚರ್ ಹುಡುಕುವಾಗ ಟ್ಯೂಬಿನಿಂದ ಏಳುತ್ತವಲ್ಲ, ಹಾಗೆ. ನನ್ನ ಗಾಡಿಯಲ್ಲಿ ಬ್ರೇಕ್ ಲೈಟಿನ ಕೆಳಗಿನ ಬಲ ಮೂಲೆಯಲ್ಲಿ, ನಾನೇ ಹಚ್ಚಿದ್ದ ಸಿಲಿಕೋನ್ ಎದ್ದು ಬಂದಿದ್ದ ಜಾಗದಲ್ಲಿ, ಗುಳ್ಳೆಗಳು ಸಾಲಾಗಿ ಎದ್ದವು. ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಸಾಮಾನ್ಯವಾಗಿ ಕೆಟ್ಟಿರುವುದು ಲೈಟಲ್ಲ, ಅದರ ಹಿಂದಿನ ಫೋಮ್ ಗ್ಯಾಸ್ಕೆಟ್, ಅಂದರೆ ಲೈಟಿಗೂ ತಗಡಿಗೂ ನಡುವೆ ಸಂದಿ ಮುಚ್ಚುವ ಮೆತ್ತನೆ ಪಟ್ಟಿ. ಲೈಟನ್ನು ಹಿಡಿದಿರುವ 2 ಸ್ಕ್ರೂ ಬಿಚ್ಚಿ ಮೆಲ್ಲಗೆ ಹೊರಗೆ ಎಳೆದು ನೋಡಿ. ವೈರು ಬಿಗಿಯಾಗಿರುತ್ತದೆ, ಜಗ್ಗಬೇಡಿ. ಬಲ್ಬ್ ಇರುವ ಲೈಟಾದರೆ ಹೋಲ್ಡರನ್ನು ಕಾಲು ಸುತ್ತು ತಿರುಗಿಸಿದರೆ ಕಳಚಿಕೊಳ್ಳುತ್ತದೆ. ನನ್ನ ಗ್ಯಾಸ್ಕೆಟ್ ನೋಡಬೇಕಿತ್ತು. ಮೇಲ್ಗಡೆ ಬಿಸಿಲಿಗೆ ಒಣಗಿ ರೊಟ್ಟಿಯ ಅಂಚಿನ ಹಾಗೆ ಗಟ್ಟಿ, ಕೆಳಗಡೆ ಚಪ್ಪಟೆ. ಬೆರಳಲ್ಲಿ ಒತ್ತಿದರೆ ವಾಪಸ್ ಉಬ್ಬುತ್ತಲೇ ಇರಲಿಲ್ಲ. ಒಂದು ಮೂಲೆಯಲ್ಲಿ ಕಪ್ಪು ಗೆರೆ, ನೀರು ಓಡಾಡಿ ಕೂತ ಕೊಳೆ. ನಿಮ್ಮ ಗ್ಯಾಸ್ಕೆಟ್‌ನಲ್ಲೂ ಅಂಥ ಗೆರೆ ಹುಡುಕಿ, ನೀರು ಬಂದ ದಾರಿ ಅದೇ.

ನಿಮ್ಮ ಇನ್ನೊಂದು ಅನುಮಾನ: ಸಣ್ಣ ಮಳೆಗೂ ಯಾಕೆ ಇಷ್ಟು ನೀರು? ಬಿಸಿಲಿಗೆ, ಬಲ್ಬಿನ ಶಾಖಕ್ಕೆ ಲೈಟಿನೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಗೆ ಹೋಗಿರುತ್ತದೆ. ತಣ್ಣನೆ ಮಳೆ ಬಿದ್ದಾಗ ಉಳಿದ ಗಾಳಿ ಕುಗ್ಗಿ, ಅಂಚಿನಲ್ಲಿ ನಿಂತ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಂದರೆ ನೀರು ತಾನಾಗಿ ಇಳಿಯುವುದಷ್ಟೇ ಅಲ್ಲ, ಲೈಟೇ ಅದನ್ನು ಹೀರುತ್ತದೆ.

ಹೊರಗಿನಿಂದ ಸಿಲಿಕೋನ್ ಬಳಿದರೆ ನಿಲ್ಲದೇ ಇರುವುದಕ್ಕೆ ಕಾರಣವೂ ಸರಳ. ಮೇಣ, ಧೂಳು ಕೂತ ಪೇಂಟಿನ ಮೇಲೆ ಅದು ಸರಿಯಾಗಿ ಹಿಡಿಯುವುದಿಲ್ಲ. ಒಂದು ಕಡೆ ಎದ್ದರೆ ಸಾಕು, ನೀರು ಒಳಗೆ ಹೋಗುತ್ತದೆ. ಉಳಿದ ಕಡೆಯೆಲ್ಲ ಮುಚ್ಚಿರುವುದರಿಂದ ಹೊರಗೆ ಹೋಗಲು ದಾರಿ ಇಲ್ಲ, ಅಲ್ಲೇ ನಿಂತು ತಗಡು ತುಕ್ಕು ಹಿಡಿಯುತ್ತದೆ. ಅಷ್ಟೇ ಅಲ್ಲ, ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಇದೆಯಲ್ಲ, ಅದು ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ. ತಗಡಿಗೂ ಕೆಟ್ಟದ್ದು, ಬಲ್ಬಿನ ತಾಮ್ರದ ಕಾಂಟ್ಯಾಕ್ಟ್‌ಗೂ ಕೆಟ್ಟದ್ದು. ಹಚ್ಚಲೇಬೇಕಾದರೆ ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ (ಗಟ್ಟಿಯಾಗುವಾಗ ಆ ಆಮ್ಲ ಬಿಡದ ಬಗೆ) ಅಂತ ಬರೆದಿರುವುದನ್ನೇ ತಗೊಳ್ಳಿ.

ಆದರೆ ನನ್ನ ಆಯ್ಕೆ ಅದಲ್ಲ. ಹೊಸ ಗ್ಯಾಸ್ಕೆಟ್ ಸಿಕ್ಕರೆ ಅದು. ಸಿಗದಿದ್ದರೆ ಬ್ಯುಟೈಲ್ ಟೇಪ್, ಸಂದಿ ಮುಚ್ಚುವ ಮೆತ್ತನೆ ರಬ್ಬರ್ ಪಟ್ಟಿ. ಕಪ್ಪಗೆ, ಅಂಟಂಟಾಗಿ, ಎಳೆದರೆ ಬಬಲ್‌ಗಮ್ ಹಾಗೆ ಬರುತ್ತದೆ. ಅದು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಅದಕ್ಕೇ ರೂಫ್ ಬಿಸಿಲಿಗೆ ಹಿಗ್ಗಿದರೂ ಚಳಿಗೆ ಕುಗ್ಗಿದರೂ ಬಿಟ್ಟುಕೊಳ್ಳುವುದಿಲ್ಲ, ಮುಂದೆ ಬಲ್ಬ್ ಬದಲಿಸಬೇಕಾದಾಗ ಲೈಟು ಮುರಿಯದೆ ಹೊರಗೂ ಬರುತ್ತದೆ. ಫೋಮ್ ಶೀಟ್ ಕತ್ತರಿಸಿ ನೀವೇ ಗ್ಯಾಸ್ಕೆಟ್ ಮಾಡುವುದಾದರೆ ಒಂದು ತುಂಡನ್ನು ನೀರಲ್ಲಿ ಅದ್ದಿ ಹಿಂಡಿ ನೋಡಿ. ಪಾತ್ರೆ ತಿಕ್ಕುವ ಸ್ಪಂಜಿನ ಹಾಗೆ ನೀರು ಕುಡಿದರೆ ಅದು ಬೇಡ.

ಟೇಪ್ ಹಾಕುವ ಮೊದಲಿನ ಕೆಲಸವೇ ದೊಡ್ಡದು. ಹಳೆ ಫೋಮ್, ಹಳೆ ಸಿಲಿಕೋನ್ ಎಲ್ಲ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಬೇಕು. ಚಾಕು ಬೇಡ, ಪೇಂಟ್ ಹೋಗುತ್ತದೆ. ಉಳಿದ ತೆಳು ಪದರವನ್ನು ಬೆರಳಿಂದ ಉಜ್ಜಿ ಉಜ್ಜಿ ಉರುಳಿಸಿ. ನನಗೆ ಇದಕ್ಕೇ ಇಡೀ ಮಧ್ಯಾಹ್ನ ಹಿಡಿಯಿತು, ನನ್ನ ಪಾಪದ ಫಲ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟ್ಟೆ ಕೊಳೆಯಾಗುವುದು ನಿಲ್ಲುವವರೆಗೆ. ತೂತಿನ ಅಂಚಿನಲ್ಲಿ ತುಕ್ಕು ಕಂಡರೆ ಉಪ್ಪುಕಾಗದ ಹಾಕಿ ಉಜ್ಜಿ, ಪ್ರೈಮರ್, ಪೇಂಟ್ ಹಚ್ಚಿ, ಒಣಗಿದ ಮೇಲೆಯೇ ಮುಂದಿನದು. ತುಕ್ಕಿನ ಮೇಲೆ ಟೇಪ್ ಅಂಟಿಸಿದರೆ ತುಕ್ಕಿನ ಜೊತೆಗೇ ಎದ್ದು ಬರುತ್ತದೆ.

ಲೈಟಿನ ಹಿಂಬದಿ ಅಂಚಿನ ಸುತ್ತ ಟೇಪ್ ಹಾಕಿ, ತುದಿಗಳು ಒಂದರ ಮೇಲೊಂದು ಬರಲಿ. ಸ್ಕ್ರೂ ತೂತುಗಳ ಸುತ್ತಲೂ ಒಂದೊಂದು ಸಣ್ಣ ಬಳೆ. ಚಳಿ ಇದ್ದರೆ ಟೇಪನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ಇಡಿ. ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಅದೂ ಕೈಯಿಂದ. ಟೇಪ್ ಅಂಚಿನಲ್ಲಿ ತುಸು ಹಿಂಡಿ ಹೊರಬಂದರೆ ಸಾಕು, ನಿಲ್ಲಿಸಿ. ಇನ್ನೂ ಒಂದು ಸುತ್ತು ಇರಲಿ ಅಂತ ತಿರುಗಿಸಿದಾಗಲೇ ಪ್ಲಾಸ್ಟಿಕ್ ಟಿಕ್ ಅನ್ನುವುದು.

ಮಾರ್ಕರ್ ಲೈಟುಗಳಿಗೂ ಇದೇ ಕ್ರಮ. ಅಲ್ಲಿ ಸ್ಕ್ರೂ ತೂತು ಮತ್ತು ವೈರಿನ ತೂತು ಎರಡನ್ನೂ ನೋಡಿ. ಲೆನ್ಸ್ ಒಳಗೇ ನೀರು ನಿಂತಿದ್ದರೆ ಲೆನ್ಸ್ ಬಿರುಕು ಬಿಟ್ಟಿದೆ ಅಥವಾ ಬೆಸುಗೆ ಬಿಟ್ಟಿದೆ. ಆಗ ಎಷ್ಟು ಅಂಟಿಸಿದರೂ ವ್ಯರ್ಥ, ಹೊಸ ಲೈಟು ಹಾಕಿ. ಲೈಟಿನ ಕೆಳಗಡೆ ಕಂಪನಿಯವರೇ ಬಿಟ್ಟ ಸಣ್ಣ ತೂತಿದ್ದರೆ ಮುಚ್ಚಬೇಡಿ, ಅದು ನೀರು ಹೊರಹೋಗಲು ಇರುವುದು.

ಇನ್ನು ಒಳಗಿನ ಒದ್ದೆ. ಕಾರ್ಪೆಟ್ ಮೇಲೆ ಕೈಯಾಡಿಸಿ ಒಣಗಿದೆ ಅಂದುಕೊಳ್ಳಬೇಡಿ, ಅದರ ಕೆಳಗಿನ ದಪ್ಪ ಪ್ಯಾಡ್ ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ವಾಸನೆ ಬರುವುದು ಅದರಿಂದಲೇ. ಎಷ್ಟೋ ಗಾಡಿಗಳಲ್ಲಿ ಸೀಟಿನ ಕೆಳಗೆ ಕನೆಕ್ಟರು, ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಇರುತ್ತವೆ, ನೀರು ಅಲ್ಲಿಗೆ ಹೋದರೆ ಖರ್ಚು ಬೇರೆಯೇ ಮಟ್ಟದ್ದು. ಹಿಂದಿನ ಸೀಟಿನ ಕೂರುವ ಭಾಗ ತೆಗೆದು, ಕಾರ್ಪೆಟ್ ಎತ್ತಿ ಕೆಳಗೆ ಏನಾದರೂ ಅಡ್ಡ ಇಟ್ಟು, ಫ್ಯಾನ್ ಹಾಕಿ ಬಿಡಿ. ನನ್ನದು ಒಣಗಲು 4 ದಿನ ಬೇಕಾಯಿತು.

ಸೀಟು ವಾಪಸ್ ಹಾಕುವ ಅವಸರ ಬೇಡ. ಒಳಬಟ್ಟೆಯ ಅಂಚು ಇಳಿಸಿಯೇ ಇರಲಿ, ಲೈಟಿನ ಕೆಳಗೆ ಒಳತಗಡಿನ ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಹಚ್ಚಿ. ಮತ್ತೆ ಪೈಪ್ ಹಿಡಿದು 10 ನಿಮಿಷ ನೀರು ಬಿಡಿ. ಪೌಡರಿನಲ್ಲಿ ಒಂದೇ ಒಂದು ಗೆರೆ ಮೂಡಿದರೂ ಎಲ್ಲಿಂದ ಶುರುವಾಗಿದೆ ಅಂತ ಕಾಣುತ್ತದೆ, ಆ ಮೂಲೆ ಬಿಚ್ಚಿ ಮತ್ತೆ ಟೇಪ್ ಹಾಕಿ. ಗೆರೆ ಇಲ್ಲದಿದ್ದರೆ ಪೌಡರ್ ಒರೆಸಿ, ಕ್ಲಿಪ್ ಕೂರಿಸಿ, ಸೀಟು ಹಾಕಿ.