ಮೀಟಿಂಗಿನಲ್ಲಿ ಎಲ್ಲರೆದುರು ಹೀಯಾಳಿಸುವ ಮ್ಯಾನೇಜರ್ ಬಗ್ಗೆ ಏನು ಮಾಡಬೇಕು? ಕೆಲಸ ಬಿಡಲೇ?

ಇವತ್ತೇ ಬಿಡಬೇಡಿ. ಮೊದಲು ಬರೆದಿಡಿ.

ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾಗ ನಮ್ಮ ಲೀಡ್ ಪ್ರತಿ ಸೋಮವಾರ "ಇವರಿಗೆ ಅರ್ಥ ಆಗಲ್ಲ, ಬಿಡಿ" ಅಂತ ನಗುತ್ತಿದ್ದರು. ಸಂಜೆ ಬೊಮ್ಮನಹಳ್ಳಿ ಹತ್ತಿರ ಬಸ್ ಸಿಕ್ಕಿಹಾಕಿಕೊಂಡಾಗ (ಅದು ದಿನಾ ಇದ್ದದ್ದೇ ಅಲ್ವಾ) ಫೋನಿನಲ್ಲಿ ಮೂರು ಸಾಲು ಬರೆಯುತ್ತಿದ್ದೆ: ತಾರೀಖು, ಆಡಿದ ಮಾತು, ಎದುರಿಗೆ ಯಾರಿದ್ದರು. ಎರಡು ತಿಂಗಳ ನಂತರ ಎಚ್‌ಆರ್ "ಸುಮ್ನೆ ತಮಾಷೆಗೆ ಅಂದಿರ್ತಾರೆ" ಎಂದರು. ಒಂಬತ್ತು ತಾರೀಖು ತೋರಿಸಿದೆ. ಆಮೇಲೆ ಆ ಮಾತು ಬರಲಿಲ್ಲ, ನನ್ನ ಟೀಮ್ ಬದಲಾಯಿತು.

ದೂರನ್ನು ಇಮೇಲ್‌ನಲ್ಲೇ ಕೊಡಿ. ಕ್ಯಾಂಟೀನಿನಲ್ಲಿ ಹೇಳಿದ್ದು ಕಾಫಿ ಜೊತೆಗೇ ಮುಗಿದುಹೋಗುತ್ತದೆ.

ಬರೀ ಬೈಗುಳಕ್ಕೆ ಅಂತಲೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಆದರೆ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಇದೆ. 10 ಅಥವಾ ಹೆಚ್ಚು ಜನರಿರುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು, ತಡಮಾಡಬೇಡಿ.

ಇನ್ನು ಮನಸ್ಸಿನ ವಿಷಯ. ಭಾನುವಾರ ಸಂಜೆಯೇ ಹೊಟ್ಟೆ ಕಿವುಚಿದಂತಾಗುವುದು, ನಿದ್ದೆ ಕೆಡುವುದು ವಾರಗಟ್ಟಲೆ ನಡೆದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ಡಾಕ್ಟರನ್ನೇ ನೋಡಬೇಕೆಂದರೆ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲೇ ಇದೆ. ನಾನು ಹೋಗಿದ್ದೆ. ಬೆಳಿಗ್ಗೆ ಬೇಗ ಹೋಗಿ, ಕ್ಯೂ ಜಾಸ್ತಿ.