ಕಳ್ಳತನದ ಅಲಾರಂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವಿಬ್ಬರೂ ನಿವೃತ್ತರು. ಮಗಳ ಬಾಣಂತನಕ್ಕೆಂದು ಐದು ತಿಂಗಳು ಅಮೆರಿಕಕ್ಕೆ ಹೊರಟಿದ್ದೇವೆ. ಮನೆ ಅಷ್ಟು ದಿನ ಖಾಲಿ ಇರುತ್ತದೆ. ಅಂಗಡಿಯವರು ಹದಿನಾರು ಸೆನ್ಸರ್‌ಗಳಿರುವ ವೈರ್‌ಲೆಸ್ ಅಲಾರಂ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಅಷ್ಟು ಬೇಕೇ? ಕ್ಯಾಮೆರಾ ಒಂದಿದ್ದರೆ ಸಾಲದೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸೆನ್ಸರ್‌ಗಳನ್ನು ಎಣಿಸುವ ಮೊದಲು, ರಾತ್ರಿ ಎರಡು ಗಂಟೆಗೆ ಸೈರನ್ ಕೂಗಿದರೆ ನಿಮ್ಮ ಗೇಟಿನ ಮುಂದೆ ಬಂದು ನಿಲ್ಲುವವರು ಯಾರು ಎಂಬುದನ್ನು ತೀರ್ಮಾನಿಸಿಕೊಳ್ಳಿ. ಆ ಹೊತ್ತಿಗೆ ಅಮೆರಿಕದಲ್ಲಿ ಹಗಲು. ನಿಮ್ಮ ಮೊಬೈಲ್‌ಗೆ ಸಂದೇಶ ಬಂದರೂ ಅಲ್ಲಿಂದ ನೀವು ಮಾಡಬಹುದಾದದ್ದು ಮೈಸೂರಿಗೆ ಫೋನ್ ಮಾಡುವುದಷ್ಟೇ. ಆದ್ದರಿಂದ ಪ್ಯಾನೆಲ್‌ನಲ್ಲಿ, ಅಂದರೆ ಸೆನ್ಸರ್‌ಗಳ ಸುದ್ದಿ ಪಡೆದು ಸೈರನ್ ಕೂಗಿಸುವ, ಫೋನ್‌ಗೆ ತಿಳಿಸುವ ಅಲಾರಂನ ಮುಖ್ಯ ಪೆಟ್ಟಿಗೆಯಲ್ಲಿ, ಮೊದಲ ಸಂಖ್ಯೆಯಾಗಿ ಪಕ್ಕದ ಮನೆಯವರದನ್ನೂ, ಎರಡನೆಯದಾಗಿ ಊರಿನಲ್ಲೇ ಇರುವ ಬಂಧುವೊಬ್ಬರದನ್ನೂ, ಮೂರನೆಯದಾಗಿ ನಿಮ್ಮದನ್ನೂ ಸೇರಿಸಿ. ಸೈರನ್ ಕೂಗಿದರೆ ಒಬ್ಬರೇ ಒಳಗೆ ನುಗ್ಗದೆ 112ಕ್ಕೆ ಕರೆ ಮಾಡಬೇಕೆಂದು ಅವರಿಗೆ ಬಿಡಿಸಿ ಹೇಳಿ. ಹೊರಡುವ ಮುನ್ನ ಬಡಾವಣೆಯ ಪೊಲೀಸ್ ಠಾಣೆಗೂ ತಿಳಿಸಿ.

ಕ್ಯಾಮೆರಾ ನಡೆದದ್ದನ್ನು ದಾಖಲಿಸುತ್ತದೆ, ಅಲಾರಂ ನಡೆಯುತ್ತಿರುವುದನ್ನು ಕೆಡಿಸುತ್ತದೆ. ಎರಡರಲ್ಲಿ ಒಂದಕ್ಕಷ್ಟೇ ಹಣವಿದ್ದರೆ ಅಲಾರಂ ಹಾಕಿಸಿ.

ಹದಿನಾರು ಸೆನ್ಸರ್ ಬೇಡ. ಗಟ್ಟಿ ಸರಳುಗಳಿರುವ ಕಿಟಕಿಗಳನ್ನು ಬಿಟ್ಟರೆ ನಿಮ್ಮಂಥ ಮನೆಗೆ ಮೂರು ದಾರಿಗಳಿರುತ್ತವೆ: ಮುಂಬಾಗಿಲು, ಹಿತ್ತಿಲ ಬಾಗಿಲು ಮತ್ತು ಎಲ್ಲರೂ ಮರೆಯುವ ತಾರಸಿಯ ಬಾಗಿಲು. ಮೂರಕ್ಕೂ ಆಯಸ್ಕಾಂತದ ಸೆನ್ಸರ್ ಹಾಕಿಸಿ. ಇದರ ಒಂದು ತುಂಡು ಚೌಕಟ್ಟಿಗೂ ಇನ್ನೊಂದು ಬಾಗಿಲಿಗೂ ಅಂಟಿರುತ್ತದೆ. ಬಾಗಿಲು ತೆರೆದು ಎರಡರ ನಡುವಿನ ಅಂತರ ಹೆಚ್ಚಾದೊಡನೆ ಪ್ಯಾನೆಲ್‌ಗೆ ಸುದ್ದಿ ಮುಟ್ಟುತ್ತದೆ. ಇದರ ಜೊತೆಗೆ ಹಾಲ್‌ನಲ್ಲಿ ಒಂದು, ಬೀರು ಇರುವ ಕೋಣೆಗೆ ಹೋಗುವ ಓಣಿಯಲ್ಲಿ ಒಂದು ಚಲನೆಯ ಸೆನ್ಸರ್ ಸಾಕು. ಅಂಗಡಿಯವರು ಪಿಐಆರ್ ಎನ್ನುವ ಈ ಸೆನ್ಸರ್ ಮನುಷ್ಯನ ಮೈಶಾಖದ ಚಲನೆಯನ್ನು ಗುರುತಿಸುತ್ತದೆ. ಸಾಮಾನ್ಯವಾಗಿ ಹತ್ತು ಹನ್ನೆರಡು ಮೀಟರ್ ದೂರ ನೋಡಬಲ್ಲದು. ತನ್ನೆದುರಿಗೆ ನೇರವಾಗಿ ನಡೆದು ಬರುವವನಿಗಿಂತ ಅಡ್ಡ ಹಾಯುವವನನ್ನು ಬೇಗ ಹಿಡಿಯುವುದರಿಂದ, ಬಾಗಿಲಿನ ಎದುರುಗೋಡೆಗಿಂತ ಪಕ್ಕದ ಮೂಲೆಯಲ್ಲಿ, ಸುಮಾರು ಏಳು ಅಡಿ ಎತ್ತರದಲ್ಲಿ ಕೂರಿಸುವುದು ಒಳ್ಳೆಯದು. ಬಿಸಿಲು ಬೀಳುವ ಕಿಟಕಿಯ ಕಡೆಗೆ ಮಾತ್ರ ಮುಖಮಾಡಬಾರದು.

ಕಟ್ಟಿ ಮುಗಿದ ಮನೆಯ ಗೋಡೆ ಕೊರೆಯುವುದಕ್ಕಿಂತ ವೈರ್‌ಲೆಸ್ ಅನುಕೂಲ, ನಿಜ. ಆದರೆ ವೈಫೈ ಒಂದನ್ನೇ ನಂಬಿದ ಅಲಾರಂ ಕೊಳ್ಳಬೇಡಿ. ಕರೆಂಟ್ ಹೋದರೆ ರೂಟರ್ ಕೂಡ ಮಲಗುತ್ತದೆ. ಸಿಮ್ ಹಾಕುವ ಸೌಲಭ್ಯವೂ ಇರಲಿ. ಅಗ್ಗದ ಎಷ್ಟೋ ಪ್ಯಾನೆಲ್‌ಗಳು ಇನ್ನೂ 2ಜಿಯಲ್ಲೇ ಕೆಲಸ ಮಾಡುತ್ತವೆ, ಜಿಯೋ ಜಾಲದಲ್ಲಿ 2ಜಿ ಸೇವೆಯೇ ಇಲ್ಲ. ಹಾಗಾಗಿ 4ಜಿ ಪ್ಯಾನೆಲ್ ಕೇಳಿ ಪಡೆಯಿರಿ. ಸತತ 90 ದಿನ ಬಳಕೆಯಾಗದ ಪ್ರಿಪೇಯ್ಡ್ ಸಿಮ್ ಸ್ಥಗಿತಗೊಳ್ಳಬಹುದು. ಐದು ತಿಂಗಳಿಗೂ ಸಾಲುವಂತೆ ರೀಚಾರ್ಜ್ ಮಾಡಿಸಿ, ತಿಂಗಳಿಗೊಮ್ಮೆ ಆ ಸಿಮ್‌ನಿಂದ ಒಂದು ಪರೀಕ್ಷಾ ಕರೆ ಹೋಗುವಂತೆ ನೋಡಿಕೊಳ್ಳಿ.

ಇನ್ನೊಂದು ಮಾತು. ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆರಿಸುವುದು ನಮ್ಮ ಹಿರಿಯರಿಂದ ಬಂದ ಅಭ್ಯಾಸ. ಹಾಗೆ ಮಾಡಿದರೆ ಪ್ಯಾನೆಲ್ ತನ್ನ ಬ್ಯಾಟರಿಯ ಮೇಲೆ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಉಸಿರಾಡಿ ನಿಂತುಹೋಗುತ್ತದೆ. ಅದರ ಸರ್ಕ್ಯೂಟ್ ಒಂದನ್ನು ಬಿಟ್ಟು ಉಳಿದವನ್ನು ಆರಿಸಿ.

ಪ್ರಶ್ನೆ: ನನ್ನದು ಬಟ್ಟೆ ಅಂಗಡಿ. ಎರಡು ವರ್ಷದ ಹಿಂದೆ ಅಲಾರಂ ಹಾಕಿಸಿದೆ. ಆಷಾಢ ಬಂತೆಂದರೆ ವಾರಕ್ಕೆ ಮೂರು ರಾತ್ರಿ ಕಾರಣವಿಲ್ಲದೆ ಕೂಗುತ್ತದೆ. ಅಕ್ಕಪಕ್ಕದವರು ಜಗಳಕ್ಕೆ ಬಂದರು, ಒಂದು ತಿಂಗಳಿಂದ ಆರಿಸಿಟ್ಟಿದ್ದೇನೆ. ಏನು ಮಾಡಲಿ? ಅಲಾರಂ ಇದ್ದರೆ ಕಳವಾದಾಗ ವಿಮೆಯ ಹಣ ಖಚಿತವೇ?
– ಬಟ್ಟೆ ವ್ಯಾಪಾರಿ, ಚಿತ್ರದುರ್ಗ

ಉತ್ತರ: ಕಾರಣವಿಲ್ಲದೆ ಕೂಗುವುದಿಲ್ಲ, ಆಷಾಢ ಎಂದು ಬರೆದು ಕಾರಣವನ್ನು ನೀವೇ ಹೇಳಿದ್ದೀರಿ. ನಿಮ್ಮೂರಿನ ಗಾಳಿಗೆ ಶಟರ್ ತಾನು ಜಾರುವ ಪಕ್ಕದ ಕಬ್ಬಿಣದ ಕಾಲುವೆಯೊಳಗೆ (ಚಾನೆಲ್) ಹಿಂದೆ ಮುಂದೆ ಬಡಿದುಕೊಳ್ಳುತ್ತದೆ. ಅದಕ್ಕೆ ಮರದ ಬಾಗಿಲಿಗೆ ಬಳಸುವ ಪುಟ್ಟ ಸೆನ್ಸರ್ ಹಾಕಿದ್ದರೆ, ಆಯಸ್ಕಾಂತ ಒಂದೆರಡು ಸೆಂಟಿಮೀಟರ್ ಸರಿದರೂ ಬಾಗಿಲು ತೆರೆಯಿತೆಂದೇ ಅದು ತಿಳಿಯುತ್ತದೆ. ಶಟರಿಗೆಂದೇ ಮಾಡಿದ, ನೆಲಕ್ಕೆ ಬಿಗಿಯುವ, ಹೆಚ್ಚು ಅಂತರವನ್ನು ತಾಳಿಕೊಳ್ಳುವ ಲೋಹದ ಕವಚದ ಸೆನ್ಸರ್ ಸಿಗುತ್ತದೆ, ಅದನ್ನು ಹಾಕಿಸಿ. ಎರಡೂ ಬದಿಯ ಬೀಗಗಳನ್ನು ಬಿಗಿಮಾಡಿಸಿ, ಕಾಲುವೆಗೆ ರಬ್ಬರ್ ಪಟ್ಟಿ ಕೊಡಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಆದರೆ ಊಹೆಯ ಮೇಲೆ ಬಿಡಿಭಾಗ ಬದಲಿಸುವುದು ಬೇಡ. ಎಷ್ಟೋ ಪ್ಯಾನೆಲ್‌ಗಳು ಯಾವ ಜೋನ್ (ಅಂದರೆ ಯಾವ ಜಾಗದ ಸೆನ್ಸರ್) ಯಾವ ಹೊತ್ತಿಗೆ ಎಚ್ಚರಿಸಿತೆಂಬುದನ್ನು ನೆನಪಿಟ್ಟುಕೊಂಡಿರುತ್ತವೆ. ಎರಡು ವಾರ ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಶಟರ್ ಅಲ್ಲದೆ ಒಳಗಿನ ಚಲನೆಯ ಸೆನ್ಸರ್ ಹೆಸರು ಕಂಡರೆ, ಏಣಿ ಹಾಕಿ ಅದರ ಮುಚ್ಚಳವನ್ನು ತೆಗೆದು ನೋಡಿ. ವೈರ್ ಬರುವ ರಂಧ್ರದಿಂದ ಒಳಹೊಕ್ಕ ಜೇಡ ಬಲೆ ಕಟ್ಟಿರುವುದನ್ನೋ, ಇರುವೆಗಳು ಸಾಲುಗಟ್ಟಿರುವುದನ್ನೋ ನಾನೇ ಕಂಡಿದ್ದೇನೆ. ಮಸೂರದ ಮೇಲೆ ಹಲ್ಲಿಯೊಂದು ಹರಿದಾಡಿದರೂ ಸಾಕು, ಅಷ್ಟು ಹತ್ತಿರದಲ್ಲಿ ಅದು ಸೆನ್ಸರಿನ ಕಣ್ಣಿಗೆ ಆಳಿನಷ್ಟು ದೊಡ್ಡದು. ಒಣ ಬಟ್ಟೆಯಿಂದ ಒರೆಸಿ, ರಂಧ್ರವನ್ನು ಸಿಲಿಕಾನ್‌ನಿಂದ ಮುಚ್ಚಿ. ಆಮೇಲೂ ನಿಲ್ಲದಿದ್ದರೆ ಮೈಶಾಖದ ಜೊತೆಗೆ ಮೈಕ್ರೋವೇವ್‌ನಿಂದಲೂ ಚಲನೆ ಗುರುತಿಸುವ ಜೋಡಿ ಸೆನ್ಸರ್ ಹಾಕಿಸಬಹುದು. ಎರಡೂ ಒಪ್ಪಿದಾಗ ಮಾತ್ರ ಅದು ಕೂಗುತ್ತದೆ. ತಗಡಿನ ಮಾಡಿನ ಅಂಗಡಿಗಳಿಗೆ ಬೇಸಿಗೆಯ ಕಷ್ಟ ಬೇರೆಯೇ ಇದೆ: ಒಳಗಿನ ಬಿಸಿ ಮೈಶಾಖಕ್ಕೆ ಸಮನಾದಾಗ ಸಾದಾ ಪಿಐಆರ್ ಮಂಕಾಗುತ್ತದೆ.

ನೆರೆಯವರ ಸಿಟ್ಟು ನ್ಯಾಯವಾದದ್ದೇ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್. ಸೈರನ್ ಹತ್ತಿರದಲ್ಲಿ ನೂರನ್ನು ದಾಟುತ್ತದೆ. ಮೂರು ನಾಲ್ಕು ನಿಮಿಷ ಕೂಗಿ ತಾನಾಗಿ ನಿಲ್ಲುವಂತೆ ಹೊಂದಿಸಿ. ಸುಳ್ಳು ಕೂಗು ಕೇಳಿ ಕೇಳಿ ಬೀದಿಯವರ ಕಿವಿ ಒಗ್ಗಿಹೋದರೆ, ನಿಜವಾದ ರಾತ್ರಿ ಯಾರೂ ಹಾಸಿಗೆಯಿಂದ ಏಳುವುದಿಲ್ಲ.

ಕೆಲಸದವರೆಲ್ಲರಿಗೂ ಒಂದೇ ಗುಪ್ತಸಂಖ್ಯೆ ಕೊಟ್ಟಿದ್ದರೆ ಈಗಲೇ ಬೇರೆಬೇರೆ ಮಾಡಿ, ಕೆಲಸ ಬಿಟ್ಟವರದನ್ನು ಅಂದೇ ಅಳಿಸಿ. ಅಲಾರಂ ಕೂರಿಸಿದವರು ಬಿಟ್ಟುಹೋದ 1234 ಹಾಗೆಯೇ ಉಳಿದಿದೆಯೇ ಎಂಬುದನ್ನೂ ನೋಡಿ.

ವಿಮೆಯ ವಿಷಯದಲ್ಲಿ ಖಚಿತವೆಂಬ ಮಾತಿಲ್ಲ. ಪಾಲಿಸಿಯಲ್ಲಿ ಬಲಪ್ರಯೋಗದಿಂದ ಒಳನುಗ್ಗಿರಬೇಕು ಎಂಬ ಷರತ್ತಿದ್ದರೆ, ಬೀಗವಾಗಲಿ ಗೋಡೆಯಾಗಲಿ ಮುರಿದ ಗುರುತಿಲ್ಲದ ಕಳವಿಗೆ ಹಣ ಸಿಗದು. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರ್‌ಚಂದ್ ರಾಯ್ ಚಂದನ್‌ಲಾಲ್ ನಡುವಿನ ಮೊಕದ್ದಮೆಯಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಪಾಲಿಸಿಯ ಮಾತುಗಳನ್ನೇ ಎತ್ತಿಹಿಡಿದಿದೆ. ಅರ್ಜಿಯಲ್ಲಿ ಅಲಾರಂ ಇದೆ ಎಂದು ಬರೆದುಕೊಟ್ಟು ಒಂದು ತಿಂಗಳಿಂದ ಆರಿಸಿಟ್ಟಿದ್ದರೆ, ಕಂಪನಿಯವರು ತಕರಾರು ತೆಗೆಯಲು ನೀವೇ ದಾರಿ ಮಾಡಿಕೊಟ್ಟಂತೆ. ಬೇಗ ದುರಸ್ತಿ ಮಾಡಿಸಿ, ಅದರ ಬಿಲ್ಲುಗಳನ್ನು ಪಾಲಿಸಿಯ ಜೊತೆಯಲ್ಲೇ ಇಡಿ.

ಪ್ರಶ್ನೆ: ಅಡಿಕೆ ದಾಸ್ತಾನಿನ ಕೊಠಡಿ ಮನೆಯಿಂದ ಇನ್ನೂರು ಅಡಿ ದೂರದಲ್ಲಿದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಸಿಡಿಲಿನ ಕಾಟ ಬೇರೆ. ಅಲಾರಂ ಬಾಳಿಕೆ ಬರುತ್ತದೆಯೇ?
– ಕೃಷಿಕರು, ತೀರ್ಥಹಳ್ಳಿ

ಉತ್ತರ: ಬರುತ್ತದೆ. ಕೊಠಡಿಯಲ್ಲಿರುವ ಸೈರನ್ ಜೊತೆಗೆ ಇನ್ನೊಂದನ್ನು ನೀವು ಮಲಗುವ ಮನೆಯ ಜಗಲಿಯಲ್ಲಿ ಹಾಕಿಸಿ. ಜಡಿಮಳೆಯ ಸದ್ದಿನಲ್ಲಿ ದೂರದ ಕೂಗು ಕೇಳಿಸುವುದಿಲ್ಲ. ಎರಡರ ನಡುವಿನ ತಂತಿಯನ್ನು ಮರದಿಂದ ಮರಕ್ಕೆ ಕಟ್ಟಬೇಡಿ, ಹತ್ತಿರ ಸಿಡಿಲು ಬಿದ್ದರೆ ಅದರ ಮೂಲಕವೇ ಪ್ಯಾನೆಲ್ ಸುಡುತ್ತದೆ. ಪೈಪಿನೊಳಗೆ ಹಾಕಿ ಹೂಳಿಸಿ, ಒಳ್ಳೆಯ ಅರ್ಥಿಂಗ್ ಮತ್ತು ವಿದ್ಯುತ್ತಿನ ದಿಢೀರ್ ಏರಿಕೆಯನ್ನು ತಡೆಯುವ ಸರ್ಜ್ ರಕ್ಷಕ ಕೊಡಿಸಿ.

ಇಂಥ ಪ್ಯಾನೆಲ್‌ಗಳಲ್ಲಿ ಹೆಚ್ಚಾಗಿ 12 ವೋಲ್ಟ್, 7 ಆಂಪಿಯರ್-ಅವರ್‌ನ ಮುಚ್ಚಿದ ಬ್ಯಾಟರಿ ಇರುತ್ತದೆ. ಮೂರು ನಾಲ್ಕು ವರ್ಷಕ್ಕೆ ಅದರ ಆಯುಷ್ಯ ಮುಗಿಯುತ್ತದೆ, ಆದರೆ ಕರೆಂಟ್ ಇರುವಷ್ಟು ದಿನ ಅದು ಸತ್ತಿರುವುದು ಗೊತ್ತೇ ಆಗುವುದಿಲ್ಲ. ನಮ್ಮ ಮನೆಯದನ್ನು ಐದು ವರ್ಷ ಮುಟ್ಟದೆ, ಕೊನೆಗೆ ತೆಗೆದು ನೋಡಿದಾಗ ಎರಡೂ ಪಕ್ಕ ಊದಿಕೊಂಡು ಪೆಟ್ಟಿಗೆಗೆ ಸಿಕ್ಕಿಹಾಕಿಕೊಂಡಿತ್ತು. ಮುಂಗಾರಿಗೆ ಮೊದಲು ಕರೆಂಟ್ ತೆಗೆದು ಅರ್ಧ ದಿನ ಬಿಡಿ, ಆಮೇಲೆ ಬಾಗಿಲು ತೆರೆದು ಸೈರನ್ ಕೂಗಿಸಿ. ದನಿ ಕುಗ್ಗಿದ್ದರೆ ಬ್ಯಾಟರಿ ಬದಲಿಸಿ, ಹೊಸದರ ಮೈಮೇಲೆ ಹಾಕಿದ ತಿಂಗಳು, ವರ್ಷವನ್ನು ಮಾರ್ಕರ್ ಪೆನ್ನಿನಿಂದ ದೊಡ್ಡದಾಗಿ ಬರೆದಿಡಿ.